ರೀಮೇಕ್ ನಂಟು, ಸ್ವಮೇಕ್ ಹಂಬಲ

ಗಾಂಧಿನಗರದಲ್ಲಿ 'ರೀಮೇಕ್' ಎಂಬುದು ಬಹುಕಾಲದಿಂದ ಬೈಗುಳವೂ ಹೌದು, ಬಂಡವಾಳವೂ ಹೌದು. ಅದಕ್ಕೆ ಪ್ರತಿಯಾಗಿ 'ಸ್ವಮೇಕ್' ಎಂಬ ಪದವನ್ನೇ ಕನ್ನಡ ಚಿತ್ರರಂಗ ಟಂಕಿಸಿಕೊಂಡಿದೆ. ಆದರೆ ಪರಭಾಷೆಯ ಕಥೆ ಕನ್ನಡಕ್ಕೆ ಬಂದಾಕ್ಷಣ ಸ್ವಂತಿಕೆ ಸತ್ತುಹೋಗುತ್ತದೆಯೇ?

1993ರಲ್ಲಿ ಫಾಝಿಲ್ ನಿರ್ದೇಶಿಸಿದ ಮಲಯಾಳಂ ಚಿತ್ರ 'ಮಣಿಚಿತ್ರತ್ತಾಳ್' ಇದಕ್ಕೆ ಒಳ್ಳೆಯ ನಿದರ್ಶನ. ಮಧು ಮುಟ್ಟಂ ಬರೆದ ಈ ಕಥೆ 2004ರಲ್ಲಿ ಪಿ. ವಾಸು ನಿರ್ದೇಶನದಲ್ಲಿ 'ಆಪ್ತಮಿತ್ರ'ವಾಯಿತು. ಮರುವರ್ಷ ಅವರದೇ ನಿರ್ದೇಶನದಲ್ಲಿ ತಮಿಳಿನ 'ಚಂದ್ರಮುಖಿ', 2007ರಲ್ಲಿ ಪ್ರಿಯದರ್ಶನ್ ಅವರ ಹಿಂದಿ 'ಭೂಲ್ ಭುಲಯ್ಯಾ' ತೆರೆಕಂಡವು. ಮೂಲದಲ್ಲಿ ನಾಗವಲ್ಲಿ ತಂಜಾವೂರಿನ ನರ್ತಕಿ. ಮಲಯಾಳಿ ಗೃಹಿಣಿಯ ಬಾಯಲ್ಲಿ ತಮಿಳು ಹೊರಟಾಗ ಪ್ರೇಕ್ಷಕ ಬೆಚ್ಚುತ್ತಾನೆ. ಕನ್ನಡದಲ್ಲಿ ಅದೇ ನಾಗವಲ್ಲಿ ತೆಲುಗಿನವಳಾದಳು. ಹಿಂದಿಯಲ್ಲಿ ಬಂಗಾಳಿ ಮಾತನಾಡುವ ಮಂಜುಲಿಕಾ ಆದಳು. ತೀರಾ ಅಪರಿಚಿತವಲ್ಲದ, ಆದರೆ ಮನೆಯದೂ ಅಲ್ಲದ ನೆರೆಯ ಭಾಷೆಯೇ ಇಲ್ಲಿ ಭಯದ ಮೂಲ. ಆ ಪಾತ್ರಕ್ಕೆ ಮೂಲದಲ್ಲಿ ಶೋಭನಾ ರಾಷ್ಟ್ರಪ್ರಶಸ್ತಿ ಪಡೆದರು. ಕನ್ನಡದಲ್ಲಿ ಅದನ್ನು ನಿರ್ವಹಿಸಿದ ಸೌಂದರ್ಯ ಚಿತ್ರ ಬಿಡುಗಡೆಗೆ ಮುನ್ನವೇ ವಿಮಾನ ದುರಂತದಲ್ಲಿ ಅಸುನೀಗಿದರು. ಇದನ್ನು ಬರಿಯ ಭಟ್ಟಿ ಇಳಿಸುವಿಕೆ ಎನ್ನುವುದು ಕಷ್ಟ.

ಹಾಗೆಂದು ಎಲ್ಲ ರೀಮೇಕುಗಳೂ ಇಷ್ಟು ಶ್ರಮ ವಹಿಸಿದವಲ್ಲ. ಕನ್ನಡದಲ್ಲಿ ಅವು ಹೆಚ್ಚಲು ವಿಶೇಷ ಕಾರಣವೂ ಇತ್ತು. 1960ರ ದಶಕದ ಚಳವಳಿಯ ನಂತರ ಡಬ್ಬಿಂಗ್‌ಗೆ ಇಲ್ಲಿ ಅಲಿಖಿತ ನಿಷೇಧವಿತ್ತು. ಕನ್ನಡದ ಕಲಾವಿದರು, ತಂತ್ರಜ್ಞರ ಅನ್ನ ಉಳಿಸುವುದು ಅದರ ಉದ್ದೇಶ. ಪರಿಣಾಮವಾಗಿ, ಪರಭಾಷೆಯಲ್ಲಿ ಗೆದ್ದ ಕಥೆಯನ್ನು ಕನ್ನಡದಲ್ಲಿ ತೋರಿಸಲು ಹಕ್ಕು ಖರೀದಿಸಿ ಮತ್ತೆ ಚಿತ್ರಿಸುವುದೊಂದೇ ದಾರಿಯಾಯಿತು. ಒಮ್ಮೆ ಗೆದ್ದ ಕಥೆಗೆ ಹಣ ಹೂಡುವವರೂ ಸುಲಭವಾಗಿ ಸಿಗುತ್ತಿದ್ದರು. ಕನ್ನಡ ಗ್ರಾಹಕರ ಕೂಟದ ದೂರಿನ ಮೇರೆಗೆ ಭಾರತೀಯ ಸ್ಪರ್ಧಾ ಆಯೋಗವು 2015ರಲ್ಲಿ ಈ ನಿರ್ಬಂಧ ಸ್ಪರ್ಧೆಗೆ ವಿರುದ್ಧವೆಂದು ತೀರ್ಪಿತ್ತಿತು.

ಕನ್ನಡ ಬರೀ ಸಾಲ ಪಡೆದ ಭಾಷೆಯಲ್ಲ ಎಂಬುದನ್ನೂ ನೆನೆಯಬೇಕು. ಎಚ್.ವಿ. ಸುಬ್ಬರಾವ್ ಅವರ ಕಾದಂಬರಿ ಆಧರಿಸಿದ, ಡಾ. ರಾಜ್‌ಕುಮಾರ್ ಅಭಿನಯದ 'ಅನುರಾಗ ಅರಳಿತು' (1986) ತಮಿಳಿನಲ್ಲಿ 'ಮನ್ನನ್', ತೆಲುಗಿನಲ್ಲಿ 'ಘರಾನಾ ಮೊಗುಡು', ಹಿಂದಿಯಲ್ಲಿ 'ಲಾಡ್ಲಾ' ಆಯಿತು. ಪವನ್ ಕುಮಾರ್ ಅವರ 'ಯೂ ಟರ್ನ್' (2016) ಕೂಡ ಹಲವು ಭಾಷೆಗಳಿಗೆ ಹೋಯಿತು.

ಕಾನೂನು ಏನು ಹೇಳುತ್ತದೆ? ಆರ್.ಜಿ. ಆನಂದ್ ಪ್ರಕರಣದಲ್ಲಿ (1978) ಸುಪ್ರೀಂ ಕೋರ್ಟ್, ಕಲ್ಪನೆ ಅಥವಾ ಕಥಾವಸ್ತುವಿಗೆ ಕೃತಿಸ್ವಾಮ್ಯವಿಲ್ಲ, ಅದನ್ನು ನಿರೂಪಿಸಿದ ಬಗೆಗೆ ಮಾತ್ರ ಉಂಟು ಎಂದಿತು. ತಮ್ಮ ನಾಟಕವನ್ನು 'ನ್ಯೂ ಡೆಲ್ಲಿ' ಚಿತ್ರ ಕದ್ದಿದೆ ಎಂದಿದ್ದ ನಾಟಕಕಾರರು ಸೋತರು. ಹಕ್ಕು ಖರೀದಿಸದೆ 'ಸ್ಫೂರ್ತಿ' ಎಂದು ಹೇಳಿಕೊಳ್ಳುವವರಿಗೆ ಈ ತೀರ್ಪಿನಲ್ಲಿ ಜಾಗವಿದೆ. ಬಡ ಕಥೆಗಾರನಿಗೆ ಅಷ್ಟಿಲ್ಲ. ಕಿರುತೆರೆಯ ವ್ಯವಹಾರ ಬೇರೆ. ಬ್ರಿಟನ್‌ನ ರಸಪ್ರಶ್ನೆ ಕಾರ್ಯಕ್ರಮದಿಂದ 'ಕನ್ನಡದ ಕೋಟ್ಯಧಿಪತಿ', ನೆದರ್‌ಲೆಂಡ್ಸ್‌ನ 'ಬಿಗ್ ಬ್ರದರ್'ನಿಂದ 'ಬಿಗ್ ಬಾಸ್' ಬಂದವು. ಅಲ್ಲಿ ಮಾರಾಟವಾಗುವುದು ಕಥೆಯಲ್ಲ, ಕಾರ್ಯಕ್ರಮದ ಚೌಕಟ್ಟು.

ಈಗ ಒಟಿಟಿ ವೇದಿಕೆಗಳು ಲೆಕ್ಕಾಚಾರ ಬದಲಿಸಿವೆ. 'ಕೆಜಿಎಫ್' (2018), 'ಕಾಂತಾರ' (2022) ಡಬ್ ಆಗಿಯೇ ದೇಶ ಸುತ್ತಿದವು. ಮಲಯಾಳಂ 'ದೃಶ್ಯಂ 2' ಫೆಬ್ರುವರಿ 2021ರಲ್ಲಿ ನೇರವಾಗಿ ಮನೆಗಳ ಪರದೆಗೆ ಬಂದಿತ್ತು. ಕನ್ನಡದ 'ದೃಶ್ಯ 2' ಚಿತ್ರಮಂದಿರ ತಲುಪಿದ್ದು ಅದೇ ಡಿಸೆಂಬರ್‌ನಲ್ಲಿ, ಕುತೂಹಲವಿದ್ದವರು ರಹಸ್ಯ ತಿಳಿದುಕೊಂಡಾದ ಮೇಲೆ. ಆದರೂ 2022ರ ನವೆಂಬರ್‌ನಲ್ಲಿ ಬಂದ ಅದರ ಹಿಂದಿ ರೂಪ ಭರ್ಜರಿ ಗಳಿಕೆ ಕಂಡಿತು. ಹೀಗಾಗಿ ರೀಮೇಕ್ ಹಕ್ಕಿನ ಮಾತುಕತೆಗೆ ಕೂರುವ ನಿರ್ಮಾಪಕರು ಇನ್ನೂ ಇದ್ದಾರೆ.