ತ್ರಿಲೋಕಸಾರದ ಸೂಚೀಗಣಿತ ಮತ್ತು ‘ಮೂರು ಲಕ್ಷ’

ಜಂಬೂದ್ವೀಪದ ವ್ಯಾಸ 1 ಲಕ್ಷ ಯೋಜನ. ಅದನ್ನು ಬಳಸಿದ ಲವಣಸಮುದ್ರದ ಅಗಲ 2 ಲಕ್ಷ, ಧಾತಕೀಖಂಡದ್ದು 4, ಕಾಲೋದದ್ದು 8, ಪುಷ್ಕರವರದ್ವೀಪದ್ದು 16 ಲಕ್ಷ. ಹೀಗೆ ವಲಯದ ಅಗಲ ಇಮ್ಮಡಿಯಾಗುತ್ತ ಹೋಗುವುದು ಸುವಿದಿತ. ಆದರೆ ಬಾಹ್ಯಸೂಚಿ, ಅಂದರೆ ಹೊರ ಅಂಚಿನ ವ್ಯಾಸ, ಕ್ರಮವಾಗಿ 1, 5, 13, 29, 61 ಲಕ್ಷ. ಇದೂ ಇಮ್ಮಡಿಯಾಗಬೇಕೆಂದು ಬಗೆದು ಪ್ರತಿಯನ್ನು ತಿದ್ದಹೊರಟರೆ ಶುದ್ಧಪಾಠವೇ ಕೆಡುವುದು.

ಚಾವುಂಡರಾಯನ ಸಮಕಾಲೀನರಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು 10ನೆಯ ಶತಮಾನದಲ್ಲಿ ಪ್ರಾಕೃತದಲ್ಲಿ ರಚಿಸಿದ ತ್ರಿಲೋಕಸಾರದಲ್ಲಿ ಇದಕ್ಕೆ ಸೂತ್ರವಿದೆ. ವಲಯದ ಅಗಲವನ್ನು 2, 3, 4ರಿಂದ ಗುಣಿಸಿ, ಪ್ರತಿಯೊಂದರಿಂದಲೂ 3 ಲಕ್ಷ ಕಳೆದರೆ ಆದಿ, ಮಧ್ಯಮ, ಬಾಹ್ಯ ಸೂಚಿಗಳು ದೊರೆಯುತ್ತವೆ. ಪುಷ್ಕರವರಕ್ಕೆ ಇವು 29, 45, 61 ಲಕ್ಷ. ನಡುವಣ 45 ಲಕ್ಷವೇ ಮಾನುಷೋತ್ತರ ಪರ್ವತದೊಳಗಿನ ಮನುಷ್ಯಲೋಕದ ವಿಸ್ತಾರ.

ಕಳೆಯಬೇಕಾದುದು 3 ಲಕ್ಷವೇ ಏಕೆ? ನಿರ್ದೇಶಾಂಕ ಸಮತಲದಲ್ಲಿ ಮೇರುವನ್ನು ಮೂಲಬಿಂದುವಾಗಿಟ್ಟರೆ ಕಾರಣ ಸ್ಪಷ್ಟವಾಗುತ್ತದೆ. ಪೂರ್ವದಿಕ್ಕಿನಲ್ಲಿ ಹೊರ ಅಂಚುಗಳು ½, 2½, 6½, 14½ ಲಕ್ಷ ಯೋಜನ ದೂರದಲ್ಲಿವೆ. ಒಂದು ದೂರವನ್ನು ಇಮ್ಮಡಿಸಿ 1½ ಲಕ್ಷ ಕೂಡಿಸಿದರೆ ಮುಂದಿನದು ಬರುತ್ತದೆ. ಮೊದಲು ವಿಸ್ತರಣ, ಅನಂತರ ಸ್ಥಾನಾಂತರ: ಈ ಕ್ರಮ ತಪ್ಪಬಾರದು. ಮೊದಲು 1½ ಕೂಡಿಸಿ ಬಳಿಕ ಇಮ್ಮಡಿಸಿದರೆ ½ ಲಕ್ಷದಿಂದ 2½ ಬರದೆ 4 ಲಕ್ಷ ಬರುವುದು.

ಈ ಎರಡು ಕ್ರಿಯೆಗಳು ಕೂಡಿದಾಗ ದೊರೆಯುವುದು ಮತ್ತೆ ಇಮ್ಮಡಿ ವಿಸ್ತರಣವೇ. ಕೇಂದ್ರ ಮಾತ್ರ ಬದಲಾಗುತ್ತದೆ. ಆ ಕೇಂದ್ರ ಮೇರುವಿನಿಂದ ಪಶ್ಚಿಮಕ್ಕೆ 1½ ಲಕ್ಷ ಯೋಜನ ದೂರದಲ್ಲಿದೆ. ಅಲ್ಲಿಂದ ಅಳೆದರೆ ಪೂರ್ವದ ಅಂಚುಗಳು 2, 4, 8, 16 ಲಕ್ಷದಲ್ಲಿ ನಿಲ್ಲುತ್ತವೆ. ಪಶ್ಚಿಮದ ಅಂಚುಗಳು ಇವುಗಳ ಪ್ರತಿಬಿಂಬ. ಅವುಗಳ ಕೇಂದ್ರ ಮೇರುವಿನ ಪೂರ್ವಕ್ಕೆ ಅಷ್ಟೇ ದೂರದಲ್ಲಿರುತ್ತದೆ. ಎರಡು ಕಡೆಯ 1½ ಲಕ್ಷಗಳು ಸೇರಿ ವ್ಯಾಸದಲ್ಲಿ 3 ಲಕ್ಷವಾಗುತ್ತವೆ. ಒಂದೊಂದು ದಿಕ್ಕಿಗೂ ಕೇಂದ್ರ ಬೇರೆಯಾದುದರಿಂದ, ಮೇರುವನ್ನೇ ಕೇಂದ್ರವಾಗಿಟ್ಟು ಒಂದು ವಲಯವನ್ನು ಹಿಗ್ಗಿಸಿ ಮುಂದಿನ ವಲಯವನ್ನು ಬರೆಯಲಾಗದು.

ಪಾಠಪರಿಷ್ಕರಣಕ್ಕೆ ಇದರಿಂದ ಸುಲಭವಾದ ಪರೀಕ್ಷೆಯೊಂದು ಸಿಗುತ್ತದೆ. ಬಾಹ್ಯಸೂಚಿಗೆ 3 ಲಕ್ಷ ಕೂಡಿಸಿದಾಗ 4, 8, 16, 32, 64 ಲಕ್ಷ ಎಂಬ ಶ್ರೇಣಿಯಲ್ಲಿಯೇ ಬರಬೇಕು. ಓಲೆಯಲ್ಲಿ 29 ಎಂಬುದು 26 ಎಂದಿದ್ದರೆ ದೋಷ ಒಡನೆ ತೋರುವುದು. ಆದರೂ ಗಣಿತದಿಂದ ದೊರೆತ ಅಂಕವನ್ನು ಊಹಾಪಾಠವೆಂದೇ ಗುರುತಿಸಿ, ಪ್ರತಿಯಲ್ಲಿದ್ದುದನ್ನು ಅಡಿಟಿಪ್ಪಣಿಯಲ್ಲಿ ಉಳಿಸತಕ್ಕದ್ದು.