ಕಿಟಕಿಯ ಜಿಡ್ಡು, ಆಕಾಶದ ಕನ್ನಡಿ

ಅಡಿಗೆಮನೆಯ ಕಿಟಕಿ ಗಾಜನ್ನು ನೀವು ವಾರಕ್ಕೆ ಎಷ್ಟು ಸಲ ಒರೆಸುತ್ತೀರಿ? ನಮ್ಮದು ಹೊಸಪೇಟೆ. ಸಂಡೂರಿನ ಅದಿರು ಲಾರಿಗಳು ಓಡಾಡುವ ರಸ್ತೆ ಪಕ್ಕದ ಮನೆ. ಒಗ್ಗರಣೆ ಹೊಗೆಯ ಜಿಡ್ಡಿನ ಮೇಲೆ ಕೆಂಧೂಳು ಕೂತಿತೆಂದರೆ ಸೋಪಿನ ನೀರಿಗೂ ಜಗ್ಗುವುದಿಲ್ಲ. ಮೊನ್ನೆ ಗೊಣಗುತ್ತಾ ಉಜ್ಜುತ್ತಿದ್ದಾಗ ಬಿ.ಎಸ್ಸಿ. ಓದುವ ಮಗಳು, "ಅಮ್ಮಾ, ಆಸ್ಟ್ರೋಸ್ಯಾಟ್ ಮಾಡಿದವರಿಗೂ ನಿನ್ನದೇ ಚಿಂತೆ ಇತ್ತು" ಅಂದಳು. ಬಟ್ಟೆ ಕೆಳಗಿಟ್ಟು ಕೂತು ಕೇಳಿದೆ.

ಬೇಸಿಗೆಯಲ್ಲಿ ಹಂಪಿಯ ಬಂಡೆಗಳ ನಡುವೆ ಒಂದು ದಿನ ಸುತ್ತಿದರೆ ಮೈ ಕಪ್ಪಾಗುತ್ತದಲ್ಲ, ಅದು ಅತಿನೇರಳೆ ಕಿರಣದ ಕೆಲಸ. ಕಣ್ಣಿಗೆ ಕಾಣದ ಬೆಳಕು. ಅದರಲ್ಲಿ ತೀರಾ ಅಪಾಯದ ಪಾಲನ್ನು ಓಜೋನ್ ಪದರ ಮೇಲೆಯೇ ತಡೆಯುವುದರಿಂದ ನಾವು ಬದುಕಿದ್ದೇವೆ. ಆದರೆ ತುಂಬಾ ಬಿಸಿಯಾದ ನಕ್ಷತ್ರಗಳು ಹೆಚ್ಚಾಗಿ ಸೂಸುವುದು ಈ ಬೆಳಕನ್ನೇ. ನೆಲದ ಮೇಲೆ ಎಷ್ಟು ದೊಡ್ಡ ದುರ್ಬೀನು ಇಟ್ಟರೂ ಅದು ಸಿಗದು. ಗಾಳಿ ದಾಟಿ ಮೇಲೆ ಹೋಗಬೇಕು.

ಹಾಗೆ ಹೋದದ್ದು ಆಸ್ಟ್ರೋಸ್ಯಾಟ್. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಹಾರಿ 650 ಕಿಲೋಮೀಟರ್ ಎತ್ತರ ಸೇರಿತು. ಅದರಲ್ಲಿದ್ದ ಯುವಿಐಟಿ ಎಂಬ ಜೋಡಿ ದುರ್ಬೀನನ್ನು ಸಿದ್ಧಮಾಡಿದ್ದು ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್, ತನ್ನ ಹೊಸಕೋಟೆಯ ಪ್ರಯೋಗಾಲಯದಲ್ಲಿ, ಕೆನಡಾದವರೂ ಕೈಜೋಡಿಸಿದ್ದರು. ಒಂದೊಂದು ಕನ್ನಡಿಯೂ ಸುಮಾರು 38 ಸೆಂಟಿಮೀಟರ್ ಅಗಲ, ನಮ್ಮ ಹಿಟ್ಟು ಕಲಸುವ ಪರಾತದಷ್ಟು.

ಚಿಂತೆ ಇದ್ದದ್ದು ಇಲ್ಲೇ. ಗಾಜಿನ ಮೇಲೆ ಕಣ್ಣಿಗೂ ಕಾಣದಷ್ಟು ತೆಳುವಾದ ಜಿಡ್ಡು ಕೂತರೂ ಅತಿನೇರಳೆ ಬೆಳಕನ್ನು ಅದು ನುಂಗಿಬಿಡುತ್ತದೆ. ಧೂಳಿಲ್ಲದ ಕೋಣೆಯಲ್ಲಿ ಜೋಡಿಸಿದರೆ ಸಾಲದು. ಮೇಲೆ ಹೋದಮೇಲೂ ನೌಕೆಯದೇ ಅಂಟು, ಬಣ್ಣ, ವೈರುಗಳಿಂದ ಆವಿ ಹೊರಡುತ್ತದೆ. ಆ ಆವಿ ಕನ್ನಡಿಗೆ ಅಂಟಿ, ಬಿಸಿಲೂ ತಾಗಿದರೆ ಸೀದ ಪಾತ್ರೆಯ ಗತಿಯೇ. ಅಲ್ಲಿ ಹೋಗಿ ಉಜ್ಜುವವರು ಯಾರು? ಅದಕ್ಕೇ ಎರಡು ತಿಂಗಳು ಮುಚ್ಚಳ ತೆಗೆಯಲೇ ಇಲ್ಲ. ಇಡೀ ದೇಶ ಚಿತ್ರಕ್ಕೆ ಕಾದಿದ್ದರೂ ಆವಿಯೆಲ್ಲ ಹೋಗಲಿ ಎಂದು ಕಾದು, ನವೆಂಬರ್ 30ಕ್ಕೆ ತೆರೆದರು. ಕುಕ್ಕರಿನ ಮುಚ್ಚಳಕ್ಕೆ ಅವಸರಪಡುವ ನಾನಾಗಿದ್ದರೆ ಕಷ್ಟವಿತ್ತು!

ಮೊದಲು ನೋಡಿದ್ದು ಧ್ರುವನಕ್ಷತ್ರದ ಹತ್ತಿರದ ಎನ್‌ಜಿಸಿ 188 ಎಂಬ ನಕ್ಷತ್ರಗಳ ಗುಂಪನ್ನು. ಅದು ಬಹಳ ಹಳೆಯ ಗುಂಪು. ಆದರೂ ಅಲ್ಲಿ ಕೆಲವು ಮಾತ್ರ ನೀಲಿಯಾಗಿ, ಹರೆಯದವರ ಹಾಗೆ ಹೊಳೆಯುತ್ತವೆ. ಏಕೆ? ಅನ್ನಪೂರ್ಣಿ ಸುಬ್ರಮಣಿಯಂ ಮತ್ತು ಸಂಗಡಿಗರು 2016ರಲ್ಲಿ ಅಂಥ ಒಂದರ ಪಕ್ಕದಲ್ಲಿ ಬಿಸಿಯಾದ ಜೊತೆಗಾರ ನಕ್ಷತ್ರವನ್ನು ಪತ್ತೆಮಾಡಿದರು. ಜೊತೆಗಾರನ ಮೈಯ ದ್ರವ್ಯ ಎಳೆದುಕೊಂಡೇ ಇದಕ್ಕೆ ಈ ಹರೆಯ. ಒಬ್ಬರು ಸವೆದರೆ ಇನ್ನೊಬ್ಬರು ಮೆರೆಯುವ ಸಂಸಾರ. ನಿಮಗೆ ನಾನು ಬಿಡಿಸಿ ಹೇಳಬೇಕೆ?

2018ರಲ್ಲಿ ಒಂದು ಅತಿನೇರಳೆ ಕ್ಯಾಮೆರಾ ನಿಂತುಹೋಯಿತು. ಇನ್ನೊಂದು ಕೆಲಸ ಮುಂದುವರಿಸಿತು. ಅದಕ್ಕೂ ಮೊದಲೇ, 2016ರಲ್ಲಿ, ಒಂದೇ ಕಡೆ 28 ಗಂಟೆಗೂ ಮೇಲೆ ದಿಟ್ಟಿಸಿ ತೆಗೆದಿದ್ದ ಚಿತ್ರದಲ್ಲಿ 930 ಕೋಟಿ ಜ್ಯೋತಿರ್ವರ್ಷ ಆಚೆಯ ಗೆಲಾಕ್ಸಿಯ ಅತಿನೇರಳೆ ಬೆಳಕು ಸಿಕ್ಕಿದ್ದನ್ನು ಪುಣೆಯ ಕನಕ್ ಸಹಾ ಮತ್ತು ಜೊತೆಯವರು 2020ರಲ್ಲಿ ಪ್ರಕಟಿಸಿದರು. ಅಮೆರಿಕದ ಹಬಲ್ ದುರ್ಬೀನಿನ ಕನ್ನಡಿ ಆರು ಪಟ್ಟು ಅಗಲ. ಆದರೂ ಆ ಮಿಣುಕು ಸಿಕ್ಕಿದ್ದು ನಮ್ಮ ಪರಾತಕ್ಕೆ.

ಹಬ್ಬಕ್ಕೆ ಕಂಪ್ಲಿಯ ತವರಿಗೆ ಹೋದಾಗ ಮಾಳಿಗೆಯ ಮೇಲೆ ಅಮ್ಮನಿಗೆ ಉತ್ತರದಲ್ಲಿ, ತೀರ ಕೆಳಗೆ, ಧ್ರುವನಕ್ಷತ್ರ ತೋರಿಸಿದೆ. "ಅದರ ಹತ್ರ ನನಗೇನೂ ಕಾಣವಲ್ದಲ್ಲೇ" ಅಂದಳು. ನನಗೂ ಕಾಣಲಿಲ್ಲ. ಇಬ್ಬರೂ ನಿದ್ದೆ ಬರುವವರೆಗೆ ಅತ್ತಲೇ ನೋಡುತ್ತಾ ಮಲಗಿದೆವು.