ಮೊದಲ ವಾರದ ಆಸರೆ

ಮಹಾರಾಷ್ಟ್ರದ ಅಕ್ಕಲಕೋಟೆ ತಾಲ್ಲೂಕಿನ ಹಳ್ಳಿಯಲ್ಲಿ ದುಡಿಯುವ ಗಂಡಸೊಬ್ಬ ಅಪಘಾತಕ್ಕೆ ಸಿಕ್ಕನೆಂದುಕೊಳ್ಳಿ. ಅವನನ್ನು ಒಯ್ಯುವುದು ಸೊಲ್ಲಾಪುರಕ್ಕೆ. ಅಫಜಲಪುರ, ಆಳಂದ, ಇಂಡಿ ಕಡೆಯವರೂ ದೊಡ್ಡ ಆಸ್ಪತ್ರೆಗೆಂದು ಅಲ್ಲಿಗೇ ಹೋಗುವುದುಂಟು. ಗಾಡಿ ಬಾಡಿಗೆ, ಹೊರಗಡೆ ಕೊಳ್ಳುವ ಔಷಧ, ರೋಗಿಯ ಜೊತೆ ಕೂತವರ ಊಟ, ಮನೆಯಲ್ಲುಳಿದ ಮಕ್ಕಳಿಗೆ ಜೋಳದ ಹಿಟ್ಟು, ಇಷ್ಟಕ್ಕೂ ದುಡ್ಡು ಅಂದೇ ಬೇಕು. ಸರ್ಕಾರದ ನೆರವು ತಡವಾಗಿ ಬರುತ್ತದೆ. ಅಲ್ಲಿಯವರೆಗೆ ಮನೆ ಬಡ್ಡಿ ಸಾಲದಲ್ಲಿ ಮುಳುಗದಂತೆ ನೋಡಿಕೊಳ್ಳುವುದೇ ಚರ್ಚಿನ ತುರ್ತು ನೆರವಿನ ಕೆಲಸ.

ಈ ಹಣವೆಲ್ಲ ಪರದೇಶದ್ದು ಎಂದು ಹಲವರು ನಂಬಿದ್ದಾರೆ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿಯೋ ಪೂರ್ವಾನುಮತಿಯೋ ಇಲ್ಲದವರು ಅಂಥ ಹಣ ಮುಟ್ಟುವಂತಿಲ್ಲ. 2020ರ ತಿದ್ದುಪಡಿ ಬಂದ ಮೇಲೆ, ಪಡೆದವರು ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತೆಯೂ ಇಲ್ಲ. ಹಾಗಾಗಿ ಸಣ್ಣ ಸಭೆಯೊಂದರ ತುರ್ತು ನಿಧಿ ಎಂದರೆ ಭಾನುವಾರದ ಕಾಣಿಕೆ, ಸುಗ್ಗಿ ಹಬ್ಬದ ಹರಾಜು, ಹೆಂಗಸರ ಸಂಘದ ಉಳಿತಾಯ. ಮೊತ್ತ ಚಿಕ್ಕದು, ಆದರೆ ಸಂಜೆಯೊಳಗೆ ಕೈಗೆ ಸಿಗುತ್ತದೆ.

ಈ ಸೀಮೆಗೆ ಇಂಥ ಕೆಲಸ ಹೊಸದಲ್ಲ. ಸೊಲ್ಲಾಪುರದಲ್ಲಿ ಅಮೆರಿಕನ್ ಮರಾಠಿ ಮಿಷನ್ 19ನೆಯ ಶತಮಾನದಲ್ಲೇ ನೆಲೆಯೂರಿತ್ತು. 1858ರಲ್ಲಿ ಕರ್ನಾಟಕದ ಗಂಗಾಮೂಲದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ, ಬರಗಾಲದಲ್ಲಿ ದಿಕ್ಕೆಟ್ಟ ಹುಡುಗಿಯರನ್ನು ಕರೆತಂದು ಸಲಹಿದ ಕೇಡಗಾಂವ್ ಇರುವುದು ಪುಣೆಯಿಂದ ಸೊಲ್ಲಾಪುರಕ್ಕೆ ಬರುವ ರೈಲು ಹಾದಿಯಲ್ಲೇ. ಅನ್ನ ಹಾಕಿದ ಮೇಲೆ ಆ ಹುಡುಗಿಯರ ಕೈಗೆ ಒಂದು ಕಸುಬು ಕೊಡಬೇಕೆಂದು ರಮಾಬಾಯಿ ಹಟ ಹಿಡಿದರು.

ಸಹಾಯ ಕೇಳಬೇಕಾದದ್ದು ಸಭಾಪಾಲಕರನ್ನು. ಮರಾಠಿ ಸಭೆಗಳಲ್ಲಿ ಅವರನ್ನು ‘ಪಾಳಕ’ ಎನ್ನುತ್ತಾರೆ. ಹಿರಿಯರು ದೂರದಿಂದಲೇ ತೀರ್ಮಾನಿಸದೆ ಇಬ್ಬರನ್ನು ಮನೆಗೆ ಕಳಿಸುವುದು ಒಳ್ಳೆಯ ಪದ್ಧತಿ. 1833ರಲ್ಲಿ ಪ್ಯಾರಿಸ್‌ನಲ್ಲಿ ಸ್ಥಾಪನೆಯಾದ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ಲೋಕದೆಲ್ಲೆಡೆ ಜೋಡಿಯಾಗಿಯೇ ಮನೆಮನೆಗೆ ಹೋಗುತ್ತಾರೆ. ಒಬ್ಬರ ಕನಿಕರವಾಗಲಿ ಹಗೆಯಾಗಲಿ ತೀರ್ಪಾಗಬಾರದು. ಆಸ್ಪತ್ರೆಯ ಬಾಕಿ ಕೌಂಟರಿನಲ್ಲೇ ಕಟ್ಟಿ, ದಿನಸಿಯನ್ನು ಅಂಗಡಿಯಿಂದಲೇ ಕೊಡಿಸಿ, ಎಲ್ಲಕ್ಕೂ ರಸೀತಿ ಇಟ್ಟುಕೊಂಡರೆ ಮುಂದೆ ಮಾತು ಬರುವುದಿಲ್ಲ. ನೆರವು ಪಡೆದವರ ಹೆಸರನ್ನು ಆರಾಧನೆಯಲ್ಲಿ ಓದಿ ಹೇಳಬಾರದು, ಫೋಟೋ ತೆಗೆಯಬಾರದು. ಬೇರೆ ಧರ್ಮದ ಮನೆಯವರು ಬಂದರೆ ಪ್ರಾರ್ಥನೆಗೆ ಬರಬೇಕೆಂಬ ಷರತ್ತನ್ನು ಹಾಕಲೇಬಾರದು. ಹೆಣ ಅಂಗಳದಲ್ಲಿರುವಾಗ ಷರತ್ತು ಹಾಕುವವರು ಸಹಾಯಕ್ಕೆ ಬಂದವರಲ್ಲ.

ಅಪೊಸ್ತಲರ ಕೃತ್ಯಗಳ 6ನೆಯ ಅಧ್ಯಾಯದಲ್ಲಿ ಒಂದು ದೂರಿದೆ. ದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರನ್ನು ಮರೆಯುತ್ತಿದ್ದಾರೆ ಎಂದು. ಅದಕ್ಕೆಂದೇ ಏಳು ಮಂದಿಯನ್ನು ಆರಿಸಿದರು. ಅಕ್ಕಲಕೋಟೆಯಲ್ಲಿ ಇದನ್ನು ಓದಿದವರಿಗೆ ವಿವರಣೆ ಬೇಕಿಲ್ಲ. ಮನೆಯ ಮಾತು ಕನ್ನಡ, ತಹಶೀಲಿನ ಅರ್ಜಿ ಮರಾಠಿ. ಗಂಡನನ್ನು ಕಳೆದುಕೊಂಡ ಹೆಂಗಸಿಗೆ ಸಾವಿರ ರೂಪಾಯಿ ಕೊಡುವುದಕ್ಕಿಂತ, ಎರಡೂ ಭಾಷೆ ಬಲ್ಲ ಒಬ್ಬರು ಒಂದು ದಿನ ಅವಳ ಜೊತೆ ಕಚೇರಿಗೆ ಹೋಗುವುದು ಹೆಚ್ಚು ಬೆಲೆಯ ನೆರವು ಎಂದು ನಾನು ನಂಬುತ್ತೇನೆ.

ಆ ದಿನ ಮಾಡಬೇಕಾದ ಕೆಲಸಗಳಿವೆ. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. ತಡವಾದರೆ ದಂಡವೂ ಅಲೆದಾಟವೂ ಹೆಚ್ಚು. ಬಡತನ ರೇಖೆಯ ಕೆಳಗಿನ ಮನೆಯಲ್ಲಿ 18ರಿಂದ 59 ವರ್ಷದೊಳಗಿನ ದುಡಿಯುವವರು ತೀರಿಕೊಂಡರೆ ರಾಷ್ಟ್ರೀಯ ಕುಟುಂಬ ನೆರವು ಯೋಜನೆಯಡಿ ಒಂದು ಬಾರಿ 20,000 ರೂಪಾಯಿ ಸಿಗುತ್ತದೆ. ಅರ್ಜಿ ತಹಶೀಲು ಕಚೇರಿಗೆ. ರೈತ ಕುಟುಂಬದವರು ಅಪಘಾತದಲ್ಲಿ ಸತ್ತರೆ ಮಹಾರಾಷ್ಟ್ರದ ಗೋಪಿನಾಥ ಮುಂಡೆ ಯೋಜನೆಯಲ್ಲಿ 2 ಲಕ್ಷ ರೂಪಾಯಿ ಇದೆ. ಅದಕ್ಕೆ ತಲಾಠಿಯಿಂದ (ಗ್ರಾಮಲೆಕ್ಕಿಗರಿಂದ) ಸಾತ್‌ಬಾರಾ ಉತಾರಾ (ಪಹಣಿ), ಪೊಲೀಸ್ ವರದಿ, ಮರಣೋತ್ತರ ಪರೀಕ್ಷೆಯ ವರದಿ ಬೇಕು. ದುಃಖದ ಗಡಿಬಿಡಿಯಲ್ಲಿ ಮರಣೋತ್ತರ ಪರೀಕ್ಷೆ ಬೇಡವೆಂದು ಹೆಣ ಒಯ್ದವರು ಮುಂದೆ ಪೇಚಾಡುತ್ತಾರೆ. ಈ ಮಾತನ್ನು ಆಸ್ಪತ್ರೆಯ ಬಾಗಿಲಲ್ಲೇ ಮೆತ್ತಗೆ ಹೇಳುವವರೊಬ್ಬರು ಇರಬೇಕು.

ಗಾಯಾಳು ಬದುಕಿದ್ದರೆ ಇನ್ನೊಂದು ದಾರಿಯಿದೆ. ಮಹಾರಾಷ್ಟ್ರದ ಸಾರ್ವಜನಿಕ ಟ್ರಸ್ಟ್ ಕಾಯ್ದೆಯಡಿ ನೋಂದಣಿಯಾದ ಧರ್ಮಾರ್ಥ ಆಸ್ಪತ್ರೆಗಳು ಶೇ. 10ರಷ್ಟು ಹಾಸಿಗೆಯನ್ನು ನಿರ್ಗತಿಕರಿಗೆ ಪುಕ್ಕಟೆಯಾಗಿ, ಇನ್ನು ಶೇ. 10ರಷ್ಟನ್ನು ದುರ್ಬಲ ವರ್ಗದವರಿಗೆ ರಿಯಾಯಿತಿ ದರದಲ್ಲಿ ಮೀಸಲಿಡಬೇಕು. ಬಿಲ್ಲಿನ ಶೇ. 2ರಷ್ಟನ್ನು ಬಡರೋಗಿಗಳ ನಿಧಿಗೆ ತೆಗೆದಿಡುವ ನಿಯಮವೂ ಇದೆ. ಕೇಳದಿದ್ದರೆ ಯಾರೂ ಹೇಳುವುದಿಲ್ಲ. ರೇಷನ್ ಕಾರ್ಡು, ಆದಾಯದ ದಾಖಲೆ ಹಿಡಿದು ಅಲ್ಲಿನ ಸಮಾಜಸೇವಕರನ್ನು ಕಾಣಬೇಕು.

ಕೊನೆಯದಾಗಿ, ತೀರಿಕೊಂಡವರ ಬ್ಯಾಂಕ್ ಪಾಸ್‌ಬುಕ್ ತರಿಸಿ ನೋಡಿ. ಮೇ ಕೊನೆಯಲ್ಲೋ ಜೂನ್‌ನಲ್ಲೋ 20 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ, ಅಪಘಾತದ ಸಾವಿಗೆ 2 ಲಕ್ಷ. 436 ರೂಪಾಯಿ ಕಡಿತವಾಗಿದ್ದರೆ ಜೀವನ್ ಜ್ಯೋತಿ ಬಿಮಾ. ಕಾಯಿಲೆಯಿಂದ ಸತ್ತರೂ 2 ಲಕ್ಷ. ಎರಡೂ ಕಂಡರೆ ಎರಡಕ್ಕೂ ಅದೇ ಬ್ಯಾಂಕಿನಲ್ಲಿ ಅರ್ಜಿ ಹಾಕಿ.